ಇಜಿಆರ್ ಪರೀಕ್ಷೆ: ವಾಲ್ವ್ ಬಿಚ್ಚುವ ಮೊದಲು ನೋಡಬೇಕಾದದ್ದು

ಚೆಕ್ ಇಂಜಿನ್ ದೀಪ ಹತ್ತಿರುತ್ತದೆ. ಸ್ಕ್ಯಾನರ್ ಹಾಕಿ ನೋಡಿದರೆ ಪಿ0401 ಎಂಬ ದೋಷದ ಕೋಡ್. ಇಜಿಆರ್‌ನಲ್ಲಿ ಹರಿವು ಸಾಲದು ಎಂದು ಅದರ ಅರ್ಥ. ಇಜಿಆರ್ ಎಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್, ಇಂಜಿನ್ನಿನಿಂದ ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಒಳಗೆ ಬಿಡುವ ವ್ಯವಸ್ಥೆ; ಅದರ ದಾರಿಯನ್ನು ತೆರೆದು ಮುಚ್ಚುವುದು ಇಜಿಆರ್ ವಾಲ್ವ್. ಮುಂದೆ ಏನು ನಡೆಯುತ್ತದೆ ಎಂದು ನಿಮಗೆಲ್ಲ ಗೊತ್ತು. ಹೊಸ ವಾಲ್ವ್ ತರಿಸುತ್ತಾರೆ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾರೆ, ಕೋಡ್ ಅಳಿಸಿ ಗಾಡಿ ಕಳಿಸುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದೇ ಗಾಡಿ, ಅದೇ ದೀಪ, ಅದೇ ಕೋಡ್. ಇಷ್ಟು ಖರ್ಚು ಮಾಡಿದ ಮೇಲೂ ಹೀಗೇಕೆ ಎಂದು ಮಾಲೀಕರು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ಇವತ್ತು ನಾನು ಒತ್ತಿ ಹೇಳಬೇಕೆಂದುಕೊಂಡಿರುವುದು ಇಷ್ಟೇ. ಪಿ0401 ಎಂಬ ಕೋಡ್ ‘ವಾಲ್ವ್ ಕೆಟ್ಟಿದೆ’ ಎಂದು ಹೇಳುವುದಿಲ್ಲ. ‘ಬರಬೇಕಾದಷ್ಟು ಹೊಗೆ ಬಂದದ್ದು ನನಗೆ ಕಾಣಲಿಲ್ಲ’ ಎಂದು ಹೇಳುತ್ತದೆ. ಹೊಗೆ ಬಾರದಿರಲು ವಾಲ್ವ್ ಒಂದು ಕಾರಣ ಮಾತ್ರ. ಹೊಗೆ ಬರುವ ದಾರಿಯೇ ಕಟ್ಟಿರಬಹುದು. ತೆರೆದುಕೋ ಎಂಬ ಆಜ್ಞೆ ವಾಲ್ವ್‌ಗೆ ಹೋಗದೇ ಇರಬಹುದು. ಎಲ್ಲವೂ ಸರಿಯಾಗಿದ್ದು, ಹೊಗೆ ಬಂದದ್ದನ್ನು ಗುರುತಿಸಬೇಕಾದ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಈ ನಾಲ್ಕರಲ್ಲಿ ಯಾವುದು ಎಂದು ಪತ್ತೆಹಚ್ಚದೆ ಸ್ಪ್ಯಾನರ್ ಹಿಡಿದರೆ ಅದು ರಿಪೇರಿಯಲ್ಲ, ಊಹೆ.

ಈ ವ್ಯವಸ್ಥೆ ಯಾಕಿದೆ ಎಂಬುದನ್ನು ಮೊದಲು ಸ್ವಲ್ಪ ನೋಡೋಣ. ಯಾಕೆಂದರೆ ಇದು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ತಿಳಿಯದವರು ಸರಿಯಾದ ವಾಲ್ವನ್ನೂ ಕೆಟ್ಟದ್ದೆಂದು ತೀರ್ಮಾನಿಸಿಬಿಡುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಭಾಗ ನೈಟ್ರೋಜನ್, 21 ಭಾಗ ಆಮ್ಲಜನಕ. ಸಾಮಾನ್ಯವಾಗಿ ಇವೆರಡೂ ಒಂದರ ತಂಟೆಗೆ ಒಂದು ಹೋಗುವುದಿಲ್ಲ. ಆದರೆ ಸಿಲಿಂಡರಿನೊಳಗೆ ಉರಿಯುವಾಗ ಶಾಖ ಸುಮಾರು 1,370 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಇವು ಕೂಡಿ ನೈಟ್ರೋಜನ್ ಆಕ್ಸೈಡುಗಳು ವೇಗವಾಗಿ ಹುಟ್ಟತೊಡಗುತ್ತವೆ. ಬಿಸಿಲಿನಲ್ಲಿ ಇವೇ ನೆಲಮಟ್ಟದ ಓಝೋನ್ ಆಗುವುದಕ್ಕೆ ಕಾರಣ, ಆಮ್ಲಮಳೆಗೂ ಕಾರಣ. ಶ್ವಾಸಕೋಶಕ್ಕೆ ನೇರವಾಗಿಯೇ ತೊಂದರೆ ಕೊಡುವಂಥವು.

ಶಾಖ ಇಳಿಸುವುದು ಹೇಗೆ? ಒಮ್ಮೆ ಉರಿದು ಹೊರಗೆ ಹೋಗುತ್ತಿರುವ ಹೊಗೆಯಲ್ಲೇ ಸ್ವಲ್ಪವನ್ನು ತಿರುಗಿಸಿ ಮತ್ತೆ ಒಳಗೆ ಬಿಡುವುದು. ಆ ಹೊಗೆಯಲ್ಲಿ ಹೆಚ್ಚಾಗಿ ಇರುವುದು ನೈಟ್ರೋಜನ್, ಇಂಗಾಲದ ಡೈಆಕ್ಸೈಡ್, ನೀರಾವಿ. ಇನ್ನೊಮ್ಮೆ ಉರಿಯುವ ಸರಕು ಅಲ್ಲ. ಒಳಗೆ ಬಂದ ಗಾಳಿಯಲ್ಲಿ ಆಮ್ಲಜನಕದ ಪಾಲನ್ನು ಅದು ಕಡಿಮೆ ಮಾಡುತ್ತದೆ, ಉರಿಯ ಶಾಖವನ್ನೂ ಹೀರಿಕೊಳ್ಳುತ್ತದೆ. ಕೆಂಡದ ಮೇಲೆ ತೆಳ್ಳಗೆ ಬೂದಿ ಮುಚ್ಚಿದ ಹಾಗೆ: ಬೆಂಕಿ ಆರುವುದಿಲ್ಲ, ಅದರ ಆರ್ಭಟ ಇಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಇದನ್ನು ಅಳವಡಿಸತೊಡಗಿದರು. ಇವತ್ತಿಗೂ ತತ್ವ ಅದೇ. ಬದಲಾದದ್ದು ಅದನ್ನು ನಡೆಸುವ ರೀತಿ ಮಾತ್ರ.

ಈಗ ಮುಖ್ಯವಾದ ವಿಷಯ. ಪೆಟ್ರೋಲ್ ಇಂಜಿನ್ನಿನಲ್ಲಿ ಇಜಿಆರ್ ಎಲ್ಲ ಹೊತ್ತೂ ತೆರೆದಿರುವುದಿಲ್ಲ. ಇಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುತ್ತಿರುವಾಗ) ಮುಚ್ಚಿರುತ್ತದೆ, ಏಕೆಂದರೆ ಆಗ ಒಳಗೆ ಬರುವ ಗಾಳಿಯೇ ಸ್ವಲ್ಪ, ಅದಕ್ಕೆ ಹೊಗೆ ಬೆರೆಸಿದರೆ ಉರಿ ನಿಲ್ಲುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಮುಚ್ಚಿರುತ್ತದೆ, ಆಗ ಬೇಕಾದದ್ದು ಪೂರ್ಣ ಶಕ್ತಿ. ಇಂಜಿನ್ ಬಿಸಿಯಾಗಿ, ಸಮಾನ ವೇಗದಲ್ಲಿ ಅರ್ಧಂಬರ್ಧ ಆಕ್ಸಿಲರೇಟರ್‌ನಲ್ಲಿ ಓಡುವಾಗ ತೆರೆದುಕೊಳ್ಳುತ್ತದೆ. ಒಳಗೆ ಹೋಗುವುದರಲ್ಲಿ ಶೇಕಡಾ 5ರಿಂದ 15ರಷ್ಟು ಹೊಗೆ ಇರಬಹುದು. ಡೀಸೆಲ್ಲಿನ ಲೆಕ್ಕ ಬೇರೆ. ಅಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಐಡ್ಲಿಂಗ್‌ನಲ್ಲೂ ಇಜಿಆರ್ ತೆರೆದಿರಬಹುದು, ಭಾರ ಕಡಿಮೆ ಇರುವಾಗ ಹೊಗೆಯ ಪಾಲು ಅರ್ಧದ ಹತ್ತಿರಕ್ಕೂ ಹೋಗಬಹುದು. ಪೆಟ್ರೋಲ್ ಗಾಡಿಯಲ್ಲಿ ಐಡ್ಲಿಂಗ್‌ನಲ್ಲಿ ವಾಲ್ವ್ ತೆರೆದಿದ್ದರೆ ಅದು ದೋಷ. ಡೀಸೆಲ್ಲಿನಲ್ಲಿ ಅದೇ ಸಹಜ.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಆದರೆ ವಿಷಯಕ್ಕೆ ಸಂಬಂಧ ಇದೆ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯ ಮೋಸದ ಪ್ರಕರಣ 2015ರಲ್ಲಿ ಬಯಲಾಯಿತಲ್ಲ, ಅದರ ಬೆನ್ನಿಗೇ ಐರೋಪ್ಯ ಒಕ್ಕೂಟದ ನ್ಯಾಯಾಲಯದ ಮುಂದೆ ಇನ್ನೊಂದು ಪ್ರಶ್ನೆ ಬಂತು. ಹೊರಗಿನ ಹವೆ 15ರಿಂದ 33 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಮಾತ್ರ ಇಜಿಆರ್ ಪೂರ್ತಿ ಕೆಲಸ ಮಾಡುವಂತೆ, ಅದರಾಚೆಗೆ ಕಡಿಮೆಯಾಗುವಂತೆ ಸಾಫ್ಟ್‌ವೇರ್ ಬರೆದಿದ್ದರು. ಎತ್ತರದ ಪ್ರದೇಶದಲ್ಲೂ ಹಾಗೆಯೇ. ಇದು ಕಾನೂನು ನಿಷೇಧಿಸಿದ ಸಾಧನವೇ ಎಂದು ನ್ಯಾಯಾಲಯ 2022ರ ಜುಲೈಯಲ್ಲಿ ಹೇಳಿತು. ಕಾನೂನಿನ ಮಾತು ಹಾಗಿರಲಿ, ಪರೀಕ್ಷೆ ಮಾಡುವ ನಮಗೆ ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಜಿಆರ್ ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು. ಅದು ಹವೆ ನೋಡುತ್ತದೆ, ಕೂಲಂಟಿನ (ಇಂಜಿನ್ ತಣಿಸುವ ದ್ರವ) ಬಿಸಿ ನೋಡುತ್ತದೆ, ಗಾಳಿಯ ಒತ್ತಡ ನೋಡುತ್ತದೆ. ಮುಂಜಾನೆ ತಣ್ಣಗಿನ ಇಂಜಿನ್ನನ್ನು ಆಗಷ್ಟೇ ಚಾಲೂ ಮಾಡಿ, ‘ವಾಲ್ವ್ ಅಲುಗಾಡುತ್ತಲೇ ಇಲ್ಲ’ ಎಂದರೆ ಆ ಪರೀಕ್ಷೆಗೆ ಬೆಲೆ ಇಲ್ಲ.

ಹಾಗಾಗಿ ಮೊದಲ ಹೆಜ್ಜೆ: ಇಂಜಿನ್ ಪೂರ್ತಿ ಬಿಸಿಯಾಗಲಿ. ಗಾಳಿ ಆಡುವ ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಓಡಿಸಿಕೊಂಡೇ ಮಾಡುವ ಪರೀಕ್ಷೆಗಳು ಇವು. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇಜಿಆರ್ ಪೈಪ್ ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಳ್ಳುವಷ್ಟು ಕಾದಿರುತ್ತದೆ, ಕೈಗವಸು ಬೇಕೇ ಬೇಕು. ಇನ್ನು, ಆ ಗಾಡಿಯಲ್ಲಿ ಇಜಿಆರ್ ವಾಲ್ವ್ ಇದೆಯೇ ಎಂದೂ ನೋಡಿಕೊಳ್ಳಿ. ಎಷ್ಟೋ ಪೆಟ್ರೋಲ್ ಇಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟಿನ ಟೈಮಿಂಗ್ ಬದಲಿಸಿ, ಹೊಗೆಯ ಸ್ವಲ್ಪ ಭಾಗ ಸಿಲಿಂಡರಿನಲ್ಲೇ ಉಳಿಯುವಂತೆ ಮಾಡಿರುತ್ತಾರೆ. ಅಲ್ಲಿ ಬಿಚ್ಚಿ ನೋಡಲು ವಾಲ್ವೇ ಇರುವುದಿಲ್ಲ.

ಲಕ್ಷಣಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಪೆಟ್ರೋಲ್ ಗಾಡಿ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗುತ್ತದೆ. ಡೀಸೆಲ್ ಗಾಡಿ ಕಪ್ಪು ಹೊಗೆ ಉಗುಳುತ್ತದೆ, ಪಿಕಪ್ ಹೋಗುತ್ತದೆ, ಹೊಗೆಯ ಫಿಲ್ಟರ್ ಬೇಗ ತುಂಬಿಕೊಳ್ಳುತ್ತದೆ. ಮುಚ್ಚಿಯೇ ಸಿಕ್ಕಿಕೊಂಡಿದ್ದರೆ ಪೆಟ್ರೋಲ್ ಇಂಜಿನ್ ಏರಿನಲ್ಲಿ ‘ಟಣ ಟಣ’ ಎಂದು ನಾಕಿಂಗ್ ಸದ್ದು ಮಾಡಬಹುದು. ಈಗಿನ ಗಾಡಿಗಳಲ್ಲಿ ನಾಕ್ ಸೆನ್ಸರ್ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆಳೆಯುವುದರಿಂದ ಸದ್ದು ಕೇಳದೆ ಪಿಕಪ್ ಮಾತ್ರ ಕುಂದುತ್ತದೆ. ಡೀಸೆಲ್ಲಿನಲ್ಲಿ ಮುಚ್ಚಿ ಸಿಕ್ಕಿಕೊಂಡರೆ ಓಡಿಸುವವರಿಗೆ ಏನೂ ಗೊತ್ತಾಗದಿರಬಹುದು. ದೀಪ ಒಂದೇ ಸಾಕ್ಷಿ.

ಕೋಡುಗಳನ್ನು ಓದುವಾಗ ಒಂದು ಭೇದ ಮನಸ್ಸಿನಲ್ಲಿರಲಿ. ಪಿ0400, ಪಿ0401, ಪಿ0402 ಇವು ಹರಿವಿನ ಮಾತು: ದೋಷ, ಸಾಲದು, ಹೆಚ್ಚಾಯಿತು. ಪಿ0403 ವಾಲ್ವನ್ನು ನಡೆಸುವ ವಿದ್ಯುತ್ ಸರ್ಕ್ಯೂಟಿನ ಮಾತು. ಪಿ0404 ಬಂದರೆ ವಾಲ್ವ್ ಹೇಳಿದಲ್ಲಿಗೆ ಹೋಗುತ್ತಿಲ್ಲ. ಪಿ0405, ಪಿ0406 ಸೆನ್ಸರಿನ ಸಿಗ್ನಲ್ ತೀರ ಕಡಿಮೆ, ತೀರ ಹೆಚ್ಚು. ಪಿ0403 ಬಂದ ಗಾಡಿಯ ಇಜಿಆರ್ ದಾರಿಯನ್ನು ತೊಳೆಯುತ್ತ ಕೂತವರನ್ನು ನೋಡಿದ್ದೇನೆ. ಅಲ್ಲಿ ನೋಡಬೇಕಾದದ್ದು ಫ್ಯೂಸ್, ಕನೆಕ್ಟರ್, ವೈರು. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಕೂಲಂಟ್ ಎಷ್ಟು ಬಿಸಿ ಇತ್ತು ಎಲ್ಲ ಅದರಲ್ಲಿರುತ್ತದೆ. ಅಳಿಸಿದರೆ ಆ ಮಾಹಿತಿಯೂ ಹೋಗುತ್ತದೆ.

ಇನ್ನು ಪರೀಕ್ಷೆ. ಮೊದಲ ಪ್ರಶ್ನೆ: ಇಸಿಯು ವಾಲ್ವ್ ತೆರೆಯಲು ಕೇಳಿದೆಯೇ? ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಇಜಿಆರ್ ಕಮಾಂಡ್ ಎಂದು ಶೇಕಡಾ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಬಿಸಿ ಇಂಜಿನ್ನಿನಲ್ಲಿ, ಇನ್ನೊಬ್ಬರು ಓಡಿಸುತ್ತಿರುವಾಗ ನೋಡಿ. ಸಮವೇಗದಲ್ಲಿ ಅದು ಸೊನ್ನೆಯಲ್ಲೇ ಉಳಿದರೆ ತಪ್ಪು ವಾಲ್ವಿನದಲ್ಲ. ಇಸಿಯುಗೆ ಇಂಜಿನ್ ಬಿಸಿಯಾದದ್ದು ಗೊತ್ತಾಗಿಲ್ಲವೋ ಏನೋ. ಥರ್ಮೋಸ್ಟಾಟ್ ತೆರೆದೇ ನಿಂತು ಕೂಲಂಟ್ ಬಿಸಿಯಾಗದಿದ್ದರೆ, ಅಥವಾ ಕೂಲಂಟ್ ಸೆನ್ಸರ್ ಕಡಿಮೆ ತೋರಿಸುತ್ತಿದ್ದರೆ, ಇಸಿಯು ಇಜಿಆರ್ ತಂಟೆಗೇ ಹೋಗುವುದಿಲ್ಲ. ಮೊದಲು ಅದನ್ನು ಸರಿಪಡಿಸಬೇಕು.

ಅದೇ ಪುಟದಲ್ಲಿ ಇಜಿಆರ್ ಎರರ್ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಐಡ್ಲಿಂಗ್‌ನಲ್ಲಿ ಅದು 99.2 ಎಂದು ತೋರಿಸಿದ್ದನ್ನು ನೋಡಿ ಗಾಬರಿಯಾದವರು ಬಹಳ ಜನ. ಆ ಸಂಖ್ಯೆ ಬರುವುದು ಹೀಗೆ: ನಿಜವಾದ ಸ್ಥಾನದಿಂದ ಕಮಾಂಡನ್ನು ಕಳೆದು, ಕಮಾಂಡಿನಿಂದಲೇ ಭಾಗಿಸುವುದು. ಕಮಾಂಡ್ ಸೊನ್ನೆ ಇದ್ದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಆಗ ಆ ಸ್ಥಳದಲ್ಲಿ ತೋರಿಸಲು ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆಯಾದ 99.2 ಕಾಣುತ್ತದೆ. ವಾಲ್ವ್ ಕೂದಲೆಳೆಯಷ್ಟು ಮೇಲಿದೆ ಎಂದು ಸೆನ್ಸರ್ ಹೇಳಿದರೂ ಸಾಕು, ಹೀಗಾಗುತ್ತದೆ. ಕಮಾಂಡ್ ಸೊನ್ನೆ ಇರುವಾಗ ಎರರ್ ಸಂಖ್ಯೆಯನ್ನು ಓದಲೇಬೇಡಿ. ಕಮಾಂಡ್ 20, 30 ಇರುವಾಗ ಎರರ್ ಎಷ್ಟಿದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಲೆಕ್ಕಕ್ಕೆ ಬರುವುದು.

ಎರಡನೆಯದು: ವಾಲ್ವ್ ಅಲುಗುತ್ತದೆಯೇ? ಗಾಳಿಯ ಹೀರುವಿಕೆಯಿಂದ ತೆರೆಯುವ ಹಳೆಯ ವ್ಯಾಕ್ಯೂಮ್ ವಾಲ್ವ್ ಇದ್ದರೆ ಇದರಷ್ಟು ಸೊಗಸಾದ ಪರೀಕ್ಷೆ ಇನ್ನೊಂದಿಲ್ಲ. ನಿಮ್ಮ ಬಳಿ ಮೀಟರ್ ಇರುವ ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಸಾಕು. ಇಂಜಿನ್ ಐಡ್ಲಿಂಗ್‌ನಲ್ಲಿರಲಿ. ವಾಲ್ವಿನ ರಬ್ಬರ್ ಹೋಸ್ ಕಳಚಿ, ಪಂಪಿನ ಹೋಸ್ ಹಾಕಿ, ನಿಧಾನವಾಗಿ ಒತ್ತಿ. ಮುಳ್ಳು ಏರುತ್ತ ಪಾದರಸದ 10, 15 ಇಂಚಿನತ್ತ ಹೋಗುವಾಗ ಡಯಾಫ್ರಾಮಿನ (ವಾಲ್ವಿನೊಳಗಿನ ತೆಳು ಪೊರೆ) ಕೆಳಗಿನ ಕಡ್ಡಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ, ಕನ್ನಡಿ ಹಿಡಿದಾದರೂ ನೋಡಿ. ಅದೇ ಕ್ಷಣ ಇಂಜಿನ್ ತೊದಲಬೇಕು, ನಡುಗಬೇಕು, ಇಲ್ಲವೇ ನಿಂತೇ ಹೋಗಬೇಕು. ನಿಂತರೆ ಸಂತೋಷಪಡಿ: ವಾಲ್ವ್ ತೆರೆಯಿತು, ದಾರಿಯೂ ಸ್ವಚ್ಛವಿದೆ, ಹೊಗೆ ಒಳಗೆ ಹೋಯಿತು. ಒಂದೇ ಪರೀಕ್ಷೆಯಲ್ಲಿ ಎರಡು ಪ್ರಶ್ನೆ ಮುಗಿದವು. ಕಡ್ಡಿ ಎದ್ದರೂ ಇಂಜಿನ್ ಏನೂ ಆಗದಂತೆ ಓಡುತ್ತಿದ್ದರೆ ದಾರಿ ಮಸಿಯಿಂದ ಕಟ್ಟಿದೆ. ಹೊಸ ವಾಲ್ವ್ ಹಾಕಿ ಪ್ರಯೋಜನವಿಲ್ಲ.

ಮುಳ್ಳು ಏರಿದ ಮೇಲೆ ಕೈ ಬಿಟ್ಟು ನೋಡುತ್ತಿರಿ. ಅಲ್ಲೇ ನಿಲ್ಲಬೇಕು. ಇಳಿಯುತ್ತ ಬಂದರೆ ಡಯಾಫ್ರಾಮ್ ಹರಿದಿದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕೆಲವು ವಾಲ್ವುಗಳು ಹೊಗೆಯ ಹಿಮ್ಮುಖ ಒತ್ತಡ ಇದ್ದಾಗ ಮಾತ್ರ ವ್ಯಾಕ್ಯೂಮ್ ಹಿಡಿದುಕೊಳ್ಳುವಂತೆ ಮಾಡಿರುತ್ತಾರೆ. ಇಂಜಿನ್ ಆಫ್ ಇದ್ದಾಗ ಅವು ವ್ಯಾಕ್ಯೂಮ್ ಬಿಟ್ಟುಕೊಡುವುದೇ ಸರಿ. ಅಂಥ ವಾಲ್ವನ್ನು ಟೇಬಲ್ ಮೇಲಿಟ್ಟು ಪಂಪ್ ಮಾಡಿ ‘ಹರಿದಿದೆ’ ಎಂದು ಎಸೆಯುತ್ತಾರೆ. ನಿಮ್ಮ ಗಾಡಿಯದು ಯಾವ ಬಗೆ ಎಂದು ಮ್ಯಾನುಯಲ್‌ನಲ್ಲಿ ನೋಡಿದ ಮೇಲೆ ತೀರ್ಪು ಕೊಡಿ.

ವಾಲ್ವ್ ಸರಿ ಇದ್ದೂ ಗಾಡಿ ಓಡುವಾಗ ತೆರೆಯದಿದ್ದರೆ ಅದಕ್ಕೆ ವ್ಯಾಕ್ಯೂಮ್ ತಲುಪುತ್ತಿದೆಯೇ ನೋಡಬೇಕು. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಸಾಮಾನ್ಯವಾಗಿ 17ರಿಂದ 21 ಇಂಚು ವ್ಯಾಕ್ಯೂಮ್ ಇರುತ್ತದೆ. ಡೀಸೆಲ್ಲಿನಲ್ಲಿ ಅದಕ್ಕೆಂದೇ ಪಂಪ್ ಇರುತ್ತದೆ. ಅಲ್ಲಿಂದ ಸೊಲೆನಾಯ್ಡಿಗೆ (ಇಸಿಯು ಹೇಳಿದಂತೆ ವ್ಯಾಕ್ಯೂಮ್ ಬಿಡುವ ವಿದ್ಯುತ್ ವಾಲ್ವ್), ಸೊಲೆನಾಯ್ಡಿನಿಂದ ವಾಲ್ವಿಗೆ ಸಪೂರ ಹೋಸುಗಳು. ನನ್ನ ಮುಂದೆ ಒಮ್ಮೆ ಒಂದು ಗಾಡಿ ಬಂದಿತ್ತು. ಬೇರೆ ಕಡೆ ವಾಲ್ವ್ ಬದಲಾಯಿಸಿದ್ದರು, ಸೊಲೆನಾಯ್ಡ್ ಬದಲಾಯಿಸಿದ್ದರು, ಕೋಡ್ ಹೋಗಿರಲಿಲ್ಲ. ಹೋಸನ್ನು ಮೇಲಿನಿಂದ ನೋಡಿದರೆ ಹೊಸದರ ಹಾಗೆ ಹೊಳೆಯುತ್ತಿತ್ತು. ಬೆರಳಿಂದ ಮಡಚಿದಾಗ, ಬ್ರಾಕೆಟ್ಟಿಗೆ ಉಜ್ಜುತ್ತಿದ್ದ ಕೆಳಮೈಯಲ್ಲಿ ಅರ್ಧ ಇಂಚು ಉದ್ದದ ಸೀಳು ಬಾಯಿ ಬಿಟ್ಟಿತು. ಗೇಣುದ್ದದ ರಬ್ಬರ್ ಹೋಸ್ ಹಾಕಿದ್ದೇ ರಿಪೇರಿ. ಹೋಸುಗಳನ್ನು ನೋಡಿದರೆ ಸಾಲದು, ಮಡಚಿ ನೋಡಬೇಕು, ಒಂದು ತುದಿ ಮುಚ್ಚಿ ಪಂಪ್ ಹಾಕಿ ನೋಡಬೇಕು.

ಈಗಿನ ವಾಲ್ವುಗಳು ಬಹುಪಾಲು ವಿದ್ಯುತ್ತಿನವು. ಸಾಮಾನ್ಯವಾಗಿ ಐದು ಪಿನ್ನಿನ ಕನೆಕ್ಟರ್: ಎರಡು ಮೋಟರಿಗೋ ಕಾಯಿಲಿಗೋ, ಮೂರು ಸ್ಥಾನ ಹೇಳುವ ಸೆನ್ಸರಿಗೆ. ಆ ಮೂರರಲ್ಲಿ ಒಂದರಲ್ಲಿ 5 ವೋಲ್ಟ್ ಬರಬೇಕು, ಒಂದು ಅರ್ತ್, ಇನ್ನೊಂದು ಸಿಗ್ನಲ್. ವಾಲ್ವ್ ಮುಚ್ಚಿದ್ದಾಗ ಸಿಗ್ನಲ್ ಸಾಮಾನ್ಯವಾಗಿ ಒಂದು ವೋಲ್ಟಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿದ್ದು, ತೆರೆಯುತ್ತ ಹೋದಂತೆ ಮೇಲೇರುತ್ತದೆ. ಕೆಲವರು ಉಲ್ಟಾ ಮಾಡಿರುವುದೂ ಉಂಟು. ಸ್ಕ್ಯಾನರಿನಿಂದ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಸುತ್ತ ಮಲ್ಟಿಮೀಟರ್ ನೋಡಿ. ಏರಿಕೆ ನುಣುಪಾಗಿರಬೇಕು. ನಡುವೆ ಒಂದು ಕಡೆ ಥಟ್ಟನೆ ಬಿದ್ದು ಮತ್ತೆ ಎದ್ದರೆ ಸೆನ್ಸರಿನ ಒಳಪಟ್ಟಿ ಸವೆದಿದೆ. ಕಮಾಂಡ್ 50 ಕೊಟ್ಟಾಗ 50ಕ್ಕೆ ಹೋಗಿ, ಸೊನ್ನೆ ಕೊಟ್ಟಾಗ 12ರಲ್ಲೇ ನಿಂತರೆ ವಾಲ್ವ್ ಮುಚ್ಚಿ ಕೂರುವ ಸೀಟಿನ ಮೇಲೆ ಕಿಟ್ಟ ಕೂತಿದೆ. ಆಗ ಬಿಚ್ಚಿ ಶುಚಿ ಮಾಡುವುದು ಸರಿ. ದಯವಿಟ್ಟು ಸ್ಕ್ರೂಡ್ರೈವರ್ ಹಾಕಿ ಮೀಟಿ ತೆರೆಯಬೇಡಿ. ಒಳಗಿನ ಗೇರುಗಳು ಎಷ್ಟೋ ಕಡೆ ಪ್ಲಾಸ್ಟಿಕ್ಕಿನವು, ಅಲ್ಲಿಯವರೆಗೆ ಚೆನ್ನಾಗಿದ್ದ ವಾಲ್ವ್ ನಮ್ಮ ಕೈಯಲ್ಲೇ ಕೆಡುತ್ತದೆ.

ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹೊಗೆ ನಿಜವಾಗಿ ಹರಿಯುತ್ತದೆಯೇ? ವಾಲ್ವ್ ತೆರೆದ ಮಾತ್ರಕ್ಕೆ ಹರಿವು ಇದೆ ಎಂದಲ್ಲ. ಡೀಸೆಲ್ಲಿನಲ್ಲಿ ಇದನ್ನು ನೋಡಲು, ಒಳಬರುವ ಹೊಸ ಗಾಳಿ ಎಷ್ಟೆಂದು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಸಿಲಿಂಡರಿಗೆ ಹಿಡಿಯುವ ಗಾಳಿ ಇಷ್ಟೇ. ಅದರಲ್ಲಿ ಹೊಗೆ ಜಾಗ ಹಿಡಿದರೆ ಹೊರಗಿನ ಹೊಸ ಗಾಳಿ ಅಷ್ಟು ಕಡಿಮೆ ಬರುತ್ತದೆ. ಐಡ್ಲಿಂಗ್‌ನಲ್ಲಿ ಸ್ಕ್ಯಾನರಿನಿಂದ ವಾಲ್ವ್ ಮುಚ್ಚಿಸಿ ಸಂಖ್ಯೆ ನೋಡಿ. ಒಂದೊಂದು ಹೊಡೆತಕ್ಕೆ 480 ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. ಈಗ ತೆರೆಸಿ. ಅದು 260, 280ಕ್ಕೆ ಧುಮುಕಿದರೆ ಹೊಗೆ ಚೆನ್ನಾಗಿ ಬರುತ್ತಿದೆ. 480 ಇದ್ದದ್ದು 450ಕ್ಕೆ ಬಂದು ನಿಂತರೆ ದಾರಿ ಇಕ್ಕಟ್ಟಾಗಿದೆ. ಅಲುಗಲೇ ಇಲ್ಲವೆಂದರೆ ಪೂರ್ತಿ ಕಟ್ಟಿದೆ, ಇಲ್ಲವೇ ವಾಲ್ವ್ ತೆರೆದಿಲ್ಲ. ಸಂಖ್ಯೆಗಳು ಇಂಜಿನ್ನಿನಿಂದ ಇಂಜಿನ್ನಿಗೆ ಬೇರೆ, ನಾನು ಹೇಳಿದ್ದು ಉದಾಹರಣೆಗೆ. ನೋಡಬೇಕಾದದ್ದು ಇಳಿತವನ್ನು. ಪೆಟ್ರೋಲ್ ಗಾಡಿಯಲ್ಲಿ ಇದೇ ಕೆಲಸವನ್ನು ಮ್ಯಾನಿಫೋಲ್ಡ್ ಪ್ರೆಷರ್ ಸೆನ್ಸರ್ ಮಾಡುತ್ತದೆ. ವಾಲ್ವ್ ತೆರೆದಾಗ ಮ್ಯಾನಿಫೋಲ್ಡಿನ ಒತ್ತಡ ಏರಬೇಕು. ಎಷ್ಟೋ ಇಸಿಯುಗಳು ಇದೇ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳುತ್ತವೆ: ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿ ತನ್ನಷ್ಟಕ್ಕೆ ಉರುಳುತ್ತಿರುವಾಗ ಒಂದು ಕ್ಷಣ ವಾಲ್ವ್ ತೆರೆದು ಒತ್ತಡ ಏರಿತೇ ಎಂದು ನೋಡಿಬಿಡುತ್ತವೆ.

ದಾರಿ ಕಟ್ಟುವುದರಲ್ಲೂ ಒಂದು ವಿಚಿತ್ರ ಬಗೆ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. ಕೆಲವು ಇಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿಗೂ ಇಜಿಆರ್ ಹೊಗೆ ಪ್ರತ್ಯೇಕವಾಗಿ ಸಣ್ಣ ತೂತಿನ ಮೂಲಕ ಬರುತ್ತದೆ. ನಾಲ್ಕು ಸಿಲಿಂಡರಿನ ಒಂದು ಪೆಟ್ರೋಲ್ ಗಾಡಿಗೆ ಪಿ0303 ಬರುತ್ತಿತ್ತು, ಅಂದರೆ ಮೂರನೆಯ ಸಿಲಿಂಡರಿನಲ್ಲಿ ಉರಿ ತಪ್ಪುವ ಮಿಸ್‌ಫೈರ್. ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲ ಬದಲಾಗಿತ್ತು. ಐಡ್ಲಿಂಗ್‌ನಲ್ಲಿ ಬೆಣ್ಣೆಯಷ್ಟು ನಯ, ಕಂಪ್ರೆಷನ್ ಸರಿ. ಸಮವೇಗದಲ್ಲಿ ಹೋಗುವಾಗ ಮಾತ್ರ ಎಳೆದೆಳೆದು ಬಿಡುತ್ತಿತ್ತು. ಸಮವೇಗದಲ್ಲಿ ಮಾತ್ರ ಎಂದ ಕೂಡಲೇ ನೀವು ಇಜಿಆರ್ ನೆನೆಯಬೇಕು. ವಾಲ್ವಿನ ವ್ಯಾಕ್ಯೂಮ್ ಹೋಸ್ ಕಳಚಿ, ಬಾಯಿ ಮುಚ್ಚಿ ಓಡಿಸಿದಾಗ ತೊಂದರೆ ಮಾಯ. ಇನ್‌ಟೇಕ್ ಬಿಚ್ಚಿದರೆ ಒಂದು, ಎರಡು, ನಾಲ್ಕನೆಯ ತೂತುಗಳು ಕಲ್ಲಿನಂಥ ಕಿಟ್ಟದಿಂದ ಮುಚ್ಚಿದ್ದವು. ನಾಲ್ಕಕ್ಕೂ ಹಂಚಬೇಕಾದ ಹೊಗೆಯೆಲ್ಲ ತೆರೆದಿದ್ದ ಮೂರನೆಯದಕ್ಕೇ ನುಗ್ಗುತ್ತಿತ್ತು. ಕೆಟ್ಟಂತೆ ಕಾಣುತ್ತಿದ್ದ ಸಿಲಿಂಡರಿನ ದಾರಿ ಒಂದೇ ಸರಿ ಇತ್ತು, ಉಳಿದ ಮೂರರದ್ದು ಕೆಟ್ಟಿತ್ತು. ಡ್ರಿಲ್ ಬಿಟ್ಟನ್ನು ಮೆಷಿನ್ನಿಗೆ ಹಾಕದೆ ಕೈಯಲ್ಲೇ ತಿರುಗಿಸಿ, ಪುಡಿಯನ್ನು ಹೀರಿ ತೆಗೆದು ಮೂರೂ ತೂತು ಬಿಡಿಸಿದ ಮೇಲೆ ಗಾಡಿ ಸರಿಯಾಯಿತು. ಪುಡಿ ಇಂಜಿನ್ನಿನೊಳಗೆ ಬೀಳಬಾರದು, ಅಷ್ಟು ತಾಳ್ಮೆ ಬೇಕು.

ಹೊಗೆ ಬಾರದಿರುವಾಗಿನ ಮಾತು ಇದಾಯಿತು. ಬರಬಾರದಾಗ ಬರುತ್ತಿದ್ದರೆ? ಪೆಟ್ರೋಲ್ ಗಾಡಿಯನ್ನು ತಣ್ಣಗಿರುವಾಗ ಚಾಲೂ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ವಾಲ್ವಿನಿಂದ ಇನ್‌ಟೇಕಿನ ಕಡೆಗಿರುವ ಪೈಪಿಗೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡುತ್ತಿರಿ. ವಾಲ್ವ್ ಬಿಗಿಯಾಗಿ ಮುಚ್ಚಿದ್ದರೆ ಆ ಕಡೆ ನಿಧಾನವಾಗಿ ಮಾತ್ರ ಬಿಸಿಯಾಗುತ್ತದೆ. ಎರಡೂ ಕಡೆ ಒಟ್ಟೊಟ್ಟಿಗೆ ಬಿಸಿ ಏರತೊಡಗಿದರೆ ಹೊಗೆ ಸೋರುತ್ತಿದೆ. ಇನ್ನೊಂದು ದಾರಿ, ವಾಲ್ವ್ ಮತ್ತು ಮ್ಯಾನಿಫೋಲ್ಡಿನ ನಡುವೆ ತೂತಿಲ್ಲದ ತಗಡಿನ ತುಂಡು ಇಟ್ಟು ಚಾಲೂ ಮಾಡಿ ನೋಡುವುದು. ನಡುಕ ನಿಂತರೆ ಸೋರಿಕೆ ಅಲ್ಲೇ.

ಆ ತಗಡನ್ನು ಹಾಗೇ ಒಳಗೆ ಬಿಟ್ಟು ಗಾಡಿ ಕೊಡುವ ಪದ್ಧತಿ ಇದೆಯಲ್ಲ, ಅದರ ಬಗ್ಗೆ ನನಗೆ ಬಹಳ ನೋವಿದೆ. ಮೈಲೇಜ್ ಹೆಚ್ಚುತ್ತದೆ ಎಂದು ಹೇಳಿ ಮುಚ್ಚಿಸುತ್ತಾರೆ. ಪೆಟ್ರೋಲ್ ಇಂಜಿನ್ನಿನಲ್ಲಿ ಸಮವೇಗದ ಓಟದಲ್ಲಿ ಇಜಿಆರ್ ಇರುವುದೇ ಇಂಧನ ಉಳಿತಾಯಕ್ಕೆ ಅನುಕೂಲ, ಏಕೆಂದರೆ ಥ್ರಾಟಲ್ (ಗಾಳಿ ಒಳಬರುವ ಬಾಗಿಲು) ಹೆಚ್ಚು ತೆರೆದಿದ್ದು ಗಾಳಿ ಎಳೆದುಕೊಳ್ಳಲು ಇಂಜಿನ್ ಕಡಿಮೆ ಶ್ರಮ ಪಡುತ್ತದೆ. ಮುಚ್ಚಿದರೆ ಉರಿಯ ಶಾಖ ಏರುತ್ತದೆ, ನೈಟ್ರೋಜನ್ ಆಕ್ಸೈಡುಗಳು ಏರುತ್ತವೆ. ಹೊಗೆ ನಿಯಮ ಇರುವ ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ. ಕಾರಿನ ಹಿಂದೆ ನಡೆದು ಹೋಗುವ ಮಗು ಆ ಗಾಳಿಯನ್ನೇ ಉಸಿರಾಡುತ್ತದೆ. ತಗಡು ಪರೀಕ್ಷೆಯ ಸಾಮಾನು, ಪರೀಕ್ಷೆ ಮುಗಿದ ಕೂಡಲೇ ಹೊರಗೆ ಬರಬೇಕು.

ನಾಲ್ಕನೆಯ ಪ್ರಶ್ನೆ: ಸಾಕ್ಷಿ ಹೇಳುವ ಸೆನ್ಸರ್ ನಿಜ ಹೇಳುತ್ತಿದೆಯೇ? ಡೀಸೆಲ್ಲಿನಲ್ಲಿ ಇಸಿಯು ನಂಬಿರುವುದು ಮಾಸ್ ಏರ್‌ಫ್ಲೋ ಸೆನ್ಸರನ್ನು ಎಂದೆ. ಅದಕ್ಕೆ ಧೂಳು, ಎಣ್ಣೆ ಹತ್ತಿ ಗಾಳಿಯನ್ನು ಕಡಿಮೆ ತೋರಿಸತೊಡಗಿದರೆ, ಹೊಗೆ ಹೆಚ್ಚಾಯಿತೆಂದು ಇಸಿಯು ತಿಳಿದು ವಾಲ್ವನ್ನು ಮುಚ್ಚುತ್ತ ಹೋಗುತ್ತದೆ. ಟರ್ಬೋದಿಂದ ಇಂಜಿನ್ನಿಗೆ ಹೋಗುವ ಹೋಸ್ ಸೀಳಿದ್ದರೆ, ಸೆನ್ಸರ್ ಅಳೆದ ಗಾಳಿಯಲ್ಲಿ ಒಂದಿಷ್ಟು ಇಂಜಿನ್ ತಲುಪದೇ ಹೊರಗೆ ಹೋಗುತ್ತದೆ. ಇಸಿಯು ಲೆಕ್ಕದಲ್ಲಿ ಹೊಸ ಗಾಳಿ ಹೆಚ್ಚು, ಅಂದರೆ ಹೊಗೆ ಸಾಲದು. ಬರುವ ಕೋಡ್ ಇಜಿಆರ್‌ನದು, ಹರಿದಿರುವುದು ಟರ್ಬೋ ಹೋಸ್. ಹೋಸಿನ ಸುತ್ತ ಎಣ್ಣೆಯ ಪಸೆ ಕಂಡರೆ ಅಲ್ಲಿ ಹುಡುಕಿ. ಹೊಗೆ ತುಂಬಿ ಸೋರಿಕೆ ತೋರಿಸುವ ಸ್ಮೋಕ್ ಮೆಷಿನ್ ಇದ್ದರೆ ಇನ್ನೂ ಒಳ್ಳೆಯದು.

ಕೆಲವು ಪೆಟ್ರೋಲ್ ಗಾಡಿಗಳಲ್ಲಿ, ಮುಖ್ಯವಾಗಿ ಫೋರ್ಡ್ ಬಹುಕಾಲ ಬಳಸಿದ ಪದ್ಧತಿಯಲ್ಲಿ, ಇಜಿಆರ್ ಪೈಪಿನೊಳಗೆ ಒಂದು ಸಣ್ಣ ತೂತಿನ ತಡೆ ಇರುತ್ತದೆ. ಅದರ ಎರಡೂ ಬದಿಯ ಒತ್ತಡವನ್ನು ಎರಡು ಹೋಸುಗಳ ಮೂಲಕ ಒಂದು ಸೆನ್ಸರ್ ಹೋಲಿಸಿ ಹರಿವನ್ನು ಅಂದಾಜು ಮಾಡುತ್ತದೆ. ಬಿಸಿ ಹೊಗೆಯ ತೇವ ಅದರೊಳಗೆ ಹೋಗಿ ಅದು ಬೇಗ ಕೆಡುತ್ತದೆ. ಇದಕ್ಕೆ ಸರಳ ಪರೀಕ್ಷೆ ಇದೆ. ಕೀ ಆನ್ ಮಾಡಿ, ಇಂಜಿನ್ ಚಾಲೂ ಮಾಡದೆ ಸಿಗ್ನಲ್ ವೋಲ್ಟೇಜ್ ಬರೆದುಕೊಳ್ಳಿ. ಸೆನ್ಸರಿನ ಬಗೆ ನೋಡಿಕೊಂಡು ಅದು ಅರ್ಧ ವೋಲ್ಟಿನಿಂದ ಒಂದು ವೋಲ್ಟಿನ ನಡುವೆ ಇರುತ್ತದೆ. ಈಗ ಚಾಲೂ ಮಾಡಿ ಐಡ್ಲಿಂಗ್‌ನಲ್ಲಿ ನೋಡಿ. ವಾಲ್ವ್ ಮುಚ್ಚಿದ್ದರೆ ಹರಿವಿಲ್ಲ, ವೋಲ್ಟೇಜ್ ಹಾಗೇ ಇರಬೇಕು. ಏರಿದ್ದರೆ ವಾಲ್ವ್ ಸೋರುತ್ತಿದೆ. ಕೈಪಂಪಿನಿಂದ ವಾಲ್ವ್ ತೆರೆದು ಇಂಜಿನ್ ತೊದಲಿದರೂ ವೋಲ್ಟೇಜ್ ಏರದಿದ್ದರೆ ವಾಲ್ವಿನ ಮೇಲೆ ಅನುಮಾನ ಬೇಡ, ಸೆನ್ಸರ್ ಮತ್ತು ಅದರ ಎರಡು ಹೋಸುಗಳನ್ನು ನೋಡಿ.

ಡೀಸೆಲ್ ಗಾಡಿಯವರಿಗೆ ಇಜಿಆರ್ ಕೂಲರಿನ ಬಗ್ಗೆ ಹೇಳದೆ ಬಿಡುವಂತಿಲ್ಲ. ಹೊಗೆಯನ್ನು ಒಳಗೆ ಬಿಡುವ ಮೊದಲು ಕೂಲಂಟಿನಿಂದ ತಣಿಸುವ ಪೆಟ್ಟಿಗೆ ಅದು. ಒಳಗೆ ಬಿರುಕು ಬಿಟ್ಟರೆ ಕೂಲಂಟ್ ಹೊಗೆಯ ದಾರಿಗೆ ಇಳಿಯುತ್ತದೆ. ನೆಲದ ಮೇಲೆ ಒಂದು ಹನಿ ಕಾಣದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಇಂಜಿನ್ ಇಳಿಸುವ ಮೊದಲು ಕೂಲರ್ ನೋಡಿ. ರೇಡಿಯೇಟರಿನ ಮುಚ್ಚಳದ ಜಾಗಕ್ಕೆ ಪ್ರೆಷರ್ ಟೆಸ್ಟರ್ ಹಾಕಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಇಜಿಆರ್ ಪೈಪ್ ಕಳಚಿ ಕೂಲರಿನ ಬಾಯಿಯಲ್ಲಿ ಬೆಳಕು ಬಿಟ್ಟು ನೋಡಿ. ಒಣ ಮಸಿ ಇರಬೇಕಾದಲ್ಲಿ ಒದ್ದೆ ಹೊಳಪು ಕಂಡರೆ ಸಾಕ್ಷಿ ಸಿಕ್ಕಿತು. ಇದು ಸಣ್ಣ ವಿಷಯವಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯೂ ಒಂದು ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ವಾಪಸು ಕರೆಸಿದ್ದು ಇದಕ್ಕೇ. ಕೂಲರಿನಿಂದ ಸೋರಿದ ಕೂಲಂಟ್ ಮಸಿಯ ಜೊತೆ ಸೇರಿ, ಬಿಸಿ ಹೊಗೆಗೆ ಹೊತ್ತಿಕೊಂಡು ಕಾರುಗಳಿಗೆ ಬೆಂಕಿ ಬಿದ್ದಿತ್ತು.

ಶುಚಿ ಮಾಡುವುದರ ಬಗ್ಗೆ ಒಂದೆರಡು ಮಾತು. ಡೀಸೆಲ್ಲಿನ ವಾಲ್ವ್ ಮತ್ತು ಇನ್‌ಟೇಕಿನಲ್ಲಿ ಕೂರುವ ಮಸಿ ಕೂಲರಿನಲ್ಲಿರುವಂತೆ ಒಣಗಿದ್ದಲ್ಲ, ಇಂಜಿನ್ ಆಯಿಲ್ಲಿನ ಆವಿ ಸೇರಿ ಡಾಂಬರಿನಂತೆ ಅಂಟಿರುತ್ತದೆ. ವಾಲ್ವನ್ನು ಬಿಚ್ಚಿ ಹೊರಗಿಟ್ಟು ತೊಳೆಯಿರಿ, ಮೋಟರ್ ಇರುವ ಭಾಗಕ್ಕೆ ದ್ರಾವಣ ಹೋಗದಿರಲಿ. ಓಡುತ್ತಿರುವ ಡೀಸೆಲ್ ಇಂಜಿನ್ನಿನ ಇನ್‌ಟೇಕಿಗೆ ಸಿಕ್ಕ ಸಿಕ್ಕ ಸ್ಪ್ರೇ ಹೊಡೆಯಬೇಡಿ. ಡೀಸೆಲ್ ಇಂಜಿನ್ ಆ ದ್ರಾವಣವನ್ನೇ ಇಂಧನ ಮಾಡಿಕೊಂಡು ಹಿಡಿತ ತಪ್ಪಿ ಓಡಬಹುದು. ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ವಿದ್ಯುತ್ ವಾಲ್ವ್ ಹೊಸದಾದರೆ, ಎಷ್ಟೋ ಗಾಡಿಗಳಲ್ಲಿ, ಮುಚ್ಚಿದ ಸ್ಥಾನ ಯಾವುದೆಂದು ಸ್ಕ್ಯಾನರಿನಿಂದ ಇಸಿಯುಗೆ ಕಲಿಸಬೇಕು. ಅದನ್ನು ಬಿಟ್ಟರೆ ಹೊಸ ವಾಲ್ವಿಗೂ ಪಿ0404 ಬರುತ್ತದೆ.

ಕೋಡ್ ಅಳಿಸಿದ ಮೇಲೆ ದೀಪ ಆರಿತೆಂದು ನಿಲ್ಲಿಸಬೇಡಿ. ಅಳಿಸಿದರೆ ಯಾವ ದೀಪವಾದರೂ ಆರುತ್ತದೆ. ಇಜಿಆರ್ ದೋಷ ಸಾಮಾನ್ಯವಾಗಿ ಸತತ ಎರಡು ಓಟದಲ್ಲಿ ಕಂಡರೆ ಮಾತ್ರ ದೀಪ ಹತ್ತುತ್ತದೆ. ಮೊದಲ ಓಟದಲ್ಲಿ ಪೆಂಡಿಂಗ್ ಕೋಡಾಗಿ ಕಾದು ಕೂತಿರುತ್ತದೆ. ಇಂಜಿನ್ ಬಿಸಿ ಮಾಡಿ, ಸಮವೇಗದಲ್ಲಿ ಕೆಲವು ನಿಮಿಷ ಓಡಿಸಿ, ನಡುನಡುವೆ ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಡಿ. ವಾಪಸು ಬಂದು ಸ್ಕ್ಯಾನರ್ ಹಾಕಿ. ಇಜಿಆರ್ ಮಾನಿಟರ್, ಅಂದರೆ ಇಸಿಯು ತಾನೇ ಮಾಡಿಕೊಳ್ಳುವ ಪರೀಕ್ಷೆ, ಮುಗಿದಿದೆ ಎಂದು ತೋರಿಸಬೇಕು, ಪೆಂಡಿಂಗ್ ಪಟ್ಟಿ ಖಾಲಿ ಇರಬೇಕು. ಮಾನಿಟರ್ ಇನ್ನೂ ಮುಗಿದಿಲ್ಲ ಎಂದು ಬಂದರೆ ಇನ್ನೊಂದು ಸುತ್ತು ಓಡಿಸಿ, ಆಮೇಲೆ ಕೀಲಿ ಮಾಲೀಕರ ಕೈಗೆ ಕೊಡಿ.